ಇಷ್ಟು ಬುದ್ಧಿ ಇದ್ದು ನರ್ಸ್ ಆಗೋದಾ?

ಓದುಗರೊಬ್ಬರ ಪತ್ರ: “ಹೋದ ಸಂಚಿಕೆಯಲ್ಲಿ ಯುವಜನರು ಆರೋಗ್ಯ ಕ್ಷೇತ್ರಕ್ಕೆ ಬರಬೇಕು ಅಂತ ದೊಡ್ಡ ಲೇಖನ ಹಾಕಿದ್ದೀರಿ. ಅದನ್ನು ಓದಿದ ಮೇಲೆ ನನ್ನ ಮಗಳ ಹಟ ಇನ್ನೂ ಜಾಸ್ತಿಯಾಗಿದೆ. ಓದಿನಲ್ಲಿ ಅವಳು ಯಾವಾಗಲೂ ಮುಂದು. ಡಾಕ್ಟರ್ ಆಗುತ್ತೇನೆ ಎಂದಿದ್ದರೆ ಸಾಲ ಮಾಡಿಯಾದರೂ ಓದಿಸುತ್ತಿದ್ದೆ. ಆದರೆ ನರ್ಸಿಂಗ್ ಮಾಡುತ್ತಾಳಂತೆ. ಅವಳ ಅಜ್ಜಿ ಆಸ್ಪತ್ರೆಯಲ್ಲಿದ್ದಾಗ 11 ದಿನ ಜೊತೆಗಿದ್ದಳು, ಅಲ್ಲಿಂದ ಶುರುವಾಯಿತು ಇದು. ಇಷ್ಟು ಬುದ್ಧಿ ಇದ್ದು ಬರೀ ನರ್ಸ್ ಆಗೋದಾ? ರಾತ್ರಿ ಪಾಳಿ, ಕಡಿಮೆ ಸಂಬಳ, ಕಂಡವರ ಬೈಗುಳ. ನಿಮ್ಮದೇ ಮಗಳಾಗಿದ್ದರೆ ಕಳಿಸುತ್ತಿದ್ದಿರಾ? ದಯವಿಟ್ಟು ನನ್ನ ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಆದರೆ ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮಗಳ ಮೇಲಿನ ಪ್ರೀತಿಯಿಂದಲೇ ಬರೆದಿದ್ದೀರಿ, ಅದು ಪ್ರತಿ ಸಾಲಲ್ಲೂ ಕಾಣುತ್ತದೆ.

ನೀವು ಹೇಳಿದ ಕಷ್ಟಗಳೆಲ್ಲ ನಿಜ. ರಾತ್ರಿ ಪಾಳಿ ಮೈಯನ್ನು ಹಿಂಡುತ್ತದೆ. ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಹೋಗುತ್ತದೆ. ಮಾಡುವ ಕೆಲಸಕ್ಕೆ ತಕ್ಕ ಸಂಬಳ ಎಷ್ಟೋ ಕಡೆ ಸಿಗುವುದಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸಿದರೆ ಅದು ಮೋಸ. ನಮ್ಮ ಲೇಖನದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಬರಬೇಕಿತ್ತು, ಒಪ್ಪುತ್ತೇನೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಬೇರೆ. ‘ಬರೀ’ ಅನ್ನುವ ಆ ಎರಡಕ್ಷರ.

1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ಸಿಸ್ಟರ್ ಇದ್ದರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಘಟಕ ಅವರ ಕೈಯಲ್ಲಿತ್ತು. ಕೂಸುಗಳಿಗೆ ಗಾಳಿ ಬಿಸಿಲು ಒಳ್ಳೆಯದು ಅಂತ ಅವರ ನಂಬಿಕೆ. ಬೆಚ್ಚಗಿರುವ ದಿನ ಅವನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ದಿನ ಡಾಕ್ಟರುಗಳು ರೌಂಡ್ಸ್‌ಗೆ ಬಂದಾಗ ಒಂದು ಕೂಸಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ಹಳದಿ ಇಳಿದು ತಿಳಿಯಾಗಿತ್ತು. ಒಂದು ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಅಯೋಡಿನ್ ಏನಾದರೂ ಬಳಿದಿರಾ ಎಂದು ಡಾಕ್ಟರು ಕೇಳಿದರು. ಇಲ್ಲ, ಬಿಸಿಲಿನಿಂದ ಇರಬೇಕು ಎಂದರು ಸಿಸ್ಟರ್. ಹೊದಿಕೆಯ ಮೂಲೆಯೊಂದು ಅಷ್ಟು ಚರ್ಮವನ್ನು ಮುಚ್ಚಿತ್ತು. ಬಿಸಿಲು ತಾಗಿದ ಕಡೆ ಕಾಮಾಲೆ ಇಳಿದಿತ್ತು, ಹೊದಿಕೆ ಮುಚ್ಚಿದ ಕಡೆ ಹಾಗೇ ಉಳಿದಿತ್ತು.

ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕೆಲವು ವಾರಗಳ ನಂತರ ಕಾಮಾಲೆಯ ಕೂಸಿನ ರಕ್ತದ ನಳಿಕೆಯೊಂದು ಕಿಟಕಿಯ ಬಳಿ ಬಿಸಿಲಲ್ಲಿ ಉಳಿದುಬಿಟ್ಟಿತು. ಪರೀಕ್ಷೆ ಮಾಡಿದರೆ ಅದರಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ಮೈಯನ್ನು ಹಳದಿ ಮಾಡುವ ವಸ್ತು, ತೀರ ಕಡಿಮೆಯಾಗಿತ್ತು. ಆಗ ಎಲ್ಲರಿಗೂ ಸಿಸ್ಟರ್ ತೋರಿಸಿದ ತ್ರಿಕೋನ ನೆನಪಾಯಿತು. 1958ರಲ್ಲಿ ಅದೇ ಆಸ್ಪತ್ರೆಯ ಡಾಕ್ಟರುಗಳು ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿದರು. ಇವತ್ತು ಹೆರಿಗೆ ವಾರ್ಡುಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀಲಿ ಬೆಳಕಿನ ಕೆಳಗೆ ಮಲಗಿರುವ ಕೂಸುಗಳನ್ನು ನೀವು ನೋಡಿರಬಹುದು. ಎಳೆ ಪಿತ್ತಜನಕಾಂಗಕ್ಕೆ ಹೊರಹಾಕಲು ಆಗದ ಬಿಲಿರುಬಿನ್ನನ್ನು ಆ ಬೆಳಕು ಸುಲಭವಾಗಿ ಹೊರಹೋಗುವ ರೂಪಕ್ಕೆ ತಿರುಗಿಸುತ್ತದೆ. ಆ ಹಳದಿ ಮಿತಿ ಮೀರಿದರೆ ಮಿದುಳಿಗೇ ಪೆಟ್ಟು. ಅದರಿಂದ ಪಾರಾದ ಮಕ್ಕಳನ್ನು ಎಣಿಸಲು ಸಾಧ್ಯವಿಲ್ಲ.

ದಿನವಿಡೀ ಕೂಸುಗಳ ಜೊತೆ ಇದ್ದವರು ಸಿಸ್ಟರ್. ಬಟ್ಟೆ ಬದಲಿಸುವವರಿಗೇ ಚರ್ಮದ ಬಣ್ಣ ಕಾಣುವುದು. ಈಗ ನೀವೇ ಹೇಳಿ, ಆ ಕಣ್ಣಿಗೆ ಬುದ್ಧಿ ಬೇಡವಾ?

ಇನ್ನು ನಿಮ್ಮ ಪ್ರಶ್ನೆ. ನನ್ನದೇ ಮಗಳಾಗಿದ್ದರೆ? ನನಗೆ ಮಗಳಿಲ್ಲ. ತಂಗಿ ಇದ್ದಾಳೆ. 30 ವರ್ಷ ನರ್ಸ್ ಆಗಿ ದುಡಿದವಳು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಂಗಿ ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ‘ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ’ ಎನ್ನುತ್ತಿದ್ದೆ. ಡಾಕ್ಟರ್ ಇರಬೇಕು ಎಂದುಕೊಂಡರೆ ಎಂದುಕೊಳ್ಳಲಿ ಅಂತ ಸುಮ್ನೆ ಇರುತ್ತಿದ್ದೆ. ಒಂದು ಸಲ ಅವಳೂ ಪಕ್ಕದಲ್ಲೇ ಇದ್ದಳು. ಏನೂ ಅನ್ನಲಿಲ್ಲ. ಅವಳ ಮುಖ ನನಗೆ ಇವತ್ತಿಗೂ ನೆನಪಿದೆ. ಹಾಗಾಗಿ ‘ಬರೀ’ ಅನ್ನುವ ಮಾತು ಎಲ್ಲಿಂದ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಅವಳೇ ಹೇಳಿದ ಒಂದು ರಾತ್ರಿಯ ಸಂಗತಿ ಕೇಳಿ. ಹೊಟ್ಟೆಯ ಆಪರೇಷನ್ ಆಗಿ ಮೂರನೇ ದಿನದ ರೋಗಿ. ಜ್ವರವಿಲ್ಲ, ಬಿಪಿ ಸರಿಯಿದೆ. ದಿನಾ ಸಂಜೆ ಅವಳನ್ನು ಮಾತಿಗೆಳೆಯುತ್ತಿದ್ದ ಮನುಷ್ಯ ಅವತ್ತು ಒಂದೊಂದೇ ಪದದಲ್ಲಿ ಉತ್ತರಿಸಿದರಂತೆ. ಅವಳಿಗೆ ಯಾಕೋ ಸರಿ ಕಾಣಲಿಲ್ಲ. ಕೂತು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಳು. 28 ಬಂತು. ಸುಮ್ಮನೆ ಮಲಗಿದ ದೊಡ್ಡವರಲ್ಲಿ ಅದು 12ರಿಂದ 20ರ ಒಳಗಿರಬೇಕು. ರಾತ್ರಿ ಫೋನ್ ಮಾಡಿ ಡಾಕ್ಟರನ್ನು ಎಬ್ಬಿಸಿದಳು, ಬೈಸಿಕೊಂಡಳು, ಆದರೂ ಬರಲೇಬೇಕು ಅಂತ ಹಟ ಹಿಡಿದಳು. ಒಳಗೆ ಹೊಲಿಗೆ ಸೋರಿ ಸೋಂಕು ರಕ್ತಕ್ಕೆ ಸೇರಲು ಶುರುವಾಗಿತ್ತು. ಬೆಳಗಿನವರೆಗೆ ಕಾದಿದ್ದರೆ ಆ ಮನುಷ್ಯ ಉಳಿಯುವುದು ಕಷ್ಟವಿತ್ತು. ಎಷ್ಟೋ ಸಲ ಬಿಪಿ ಬೀಳುವುದಕ್ಕೆ ಗಂಟೆಗಟ್ಟಲೆ ಮೊದಲೇ ಉಸಿರಿನ ಲೆಕ್ಕ ಏರುತ್ತದೆ. ಆದರೂ ವಾರ್ಡಿನಲ್ಲಿ ಅಂದಾಜಿಗೆ ಬರೆದು ಬಿಡುವುದು ಅದನ್ನೇ ಜಾಸ್ತಿ. ಯಾಕೆಂದರೆ ಅದಕ್ಕೆ ಒಂದು ನಿಮಿಷ ಸುಮ್ಮನೆ ಕೂತು ನೋಡಬೇಕು.

ನಿಮ್ಮ ಮಗಳಿಗೆ ಓದಿನಲ್ಲಿರುವ ಬುದ್ಧಿ ಇಲ್ಲಿ ವ್ಯರ್ಥವಾಗುತ್ತದೆ ಅಂತ ಹೆದರಬೇಡಿ. ಔಷಧದ ಅಳತೆಯಲ್ಲಿ ದಶಮಾಂಶದ ಚುಕ್ಕಿ ಒಂದು ಸ್ಥಾನ ಆಚೀಚೆ ಆದರೆ ಹತ್ತು ಪಟ್ಟು ವ್ಯತ್ಯಾಸ. ಲೆಕ್ಕ ಬಲ್ಲ ಹುಡುಗಿ ಅಲ್ಲಿ ಬೇಕೇ ಬೇಕು.

ಮುಂದೆ ದಾರಿ ಮುಚ್ಚಿಹೋಗುತ್ತದೆ ಎಂಬ ಭಯವಾ? ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬವರು ಮೊದಲು ನರ್ಸ್ ಆದರು. ಬೆನ್ನುನೋವಿನಿಂದ ಅದನ್ನು ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಸಾವಿನ ಹತ್ತಿರ ಇರುವವರ ನೋವನ್ನು ಹಾಸಿಗೆಯ ಪಕ್ಕ ಕೂತು ಕೇಳಿದರು. 1957ರಲ್ಲಿ, 40ರ ಹತ್ತಿರ ಬಂದಾಗ, ಡಾಕ್ಟರ್ ಆದರು. ಲಂಡನ್ನಿನಲ್ಲಿ ಅವರು ಕಟ್ಟಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ 1967ರಲ್ಲಿ ಬಾಗಿಲು ತೆರೆಯಿತು. ಇನ್ನು ವಾಸಿಯಾಗುವುದಿಲ್ಲ ಅನ್ನುವ ರೋಗಿಗೂ ನೋವಿಲ್ಲದೆ ಬದುಕುವ ಹಕ್ಕಿದೆ ಅಂತ ಜಗತ್ತಿಗೆ ಕಲಿಸಿದ ಮನೆ ಅದು. ನರ್ಸ್ ಆಗಿದ್ದ ವರ್ಷಗಳು ಅವರಿಗೆ ನಷ್ಟವಾಗಲಿಲ್ಲ, ಅಡಿಪಾಯವೇ ಆದವು.

ನಾನು ನರ್ಸುಗಳ ಬಗ್ಗೆ ಮಾತ್ರ ಹೇಳುತ್ತಿಲ್ಲ. ವಿವಿಯನ್ ಥಾಮಸ್ ಅಮೆರಿಕದ ಕಪ್ಪು ಯುವಕ, ಮರಗೆಲಸ ಕಲಿತಿದ್ದವರು. 1930ರಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್ನರ ಲ್ಯಾಬಿಗೆ ಸಹಾಯಕರಾಗಿ ಸೇರಿದರು. 1930ರಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್ನರ ಲ್ಯಾಬಿಗೆ ಸಹಾಯಕರಾಗಿ ಸೇರಿದರು. ಹುಟ್ಟಿನಿಂದಲೇ ಹೃದಯದ ದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳಿಗೆ ಮಾಡುವ ಆಪರೇಷನ್ನನ್ನು ಪ್ರಾಣಿಗಳ ಮೇಲೆ ಪಳಗಿಸಿದ್ದು ಅವರ ಕೈ. 1944ರ ನವೆಂಬರ್ 29ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಬ್ಲಾಲಾಕ್ ಮೊದಲ ಮಗುವಿಗೆ ಆ ಆಪರೇಷನ್ ಮಾಡುವಾಗ, ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆಗೆ ಹೊಲಿಗೆ ದಾರಿ ಹೇಳಿದವರು ಥಾಮಸ್. ಅವರ ಬಳಿ ಕಾಲೇಜಿನ ಪದವಿ ಇರಲಿಲ್ಲ. ಅದೇ ಸಂಸ್ಥೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು 1976ರಲ್ಲಿ. 32 ವರ್ಷ ಬೇಕಾಯಿತು!

ನನ್ನ ದೂರು ಇಲ್ಲೇ ಇರುವುದು. ಮಕ್ಕಳ ಮುಂದೆ ನಾವು ಒಂದೇ ಬಾಗಿಲು ಇಡುತ್ತೇವೆ, ಡಾಕ್ಟರ್. ಆ ಬಾಗಿಲು ತೆರೆಯದಿದ್ದರೆ ಸೋತೆ ಅಂತ ಹೇಳಿಕೊಡುತ್ತೇವೆ. ರಕ್ತದ ಹನಿಯಲ್ಲಿ ರೋಗ ಹುಡುಕುವವರು, ಎಕ್ಸ್‌ರೇ ತೆಗೆಯುವವರು, ಲಕ್ವ ಹೊಡೆದವರನ್ನು ಮತ್ತೆ ನಡೆಸುವವರು, ಮಾತು ಹೋದವರಿಗೆ ಮಾತು ಕಲಿಸುವವರು, ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ಗಂಟೆ ಕಾಯುವವರು, ಇವರ ಹೆಸರನ್ನೇ ಎತ್ತುವುದಿಲ್ಲ. ಗಂಡುಮಕ್ಕಳಿಗಂತೂ ನರ್ಸಿಂಗ್ ಅನ್ನುವ ಮಾತೇ ಹೇಳುವುದಿಲ್ಲ. ಆಮೇಲೆ ಆಸ್ಪತ್ರೆಗೆ ಹೋದಾಗ, ಕರೆದರೆ ಒಬ್ಬರೂ ಬರಲ್ಲ ಅಂತ ಕೂಗಾಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 58 ಲಕ್ಷ ನರ್ಸುಗಳ ಕೊರತೆ ಇತ್ತು. ಬರುವವರು ಯಾರದೋ ಮನೆಯ ಮಕ್ಕಳೇ ಅಲ್ವಾ?

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷವಾಯಿತೆಂದು 2020ನ್ನು ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷ ಎಂದು ಸಾರಿದ್ದರು. ಅದೇ ವರ್ಷ ಕೋವಿಡ್ ಹಬ್ಬಿತು. ದೇಶ ದೇಶಗಳಲ್ಲಿ ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಎಷ್ಟು ವಾರ್ಡುಗಳಲ್ಲಿ ಜನ ಹೆಚ್ಚಿದರು, ಎಷ್ಟು ಮಂದಿಗೆ ಸಂಬಳ ಏರಿತು? ನಿಮ್ಮ ಸಿಟ್ಟನ್ನು ಅಲ್ಲಿ ತೋರಿಸಿ, ನಾನೂ ಜೊತೆ ನಿಲ್ಲುತ್ತೇನೆ. ಕೆಲಸ ಕಷ್ಟದ್ದು, ಸಂಬಳ ಕಡಿಮೆ ಎಂದರೆ ಸಂಬಳ ಏರಿಸಿ ಅಂತ ಕೇಳಬೇಕು. ಹೋಗಬೇಡ ಅಂತ ಮಗಳನ್ನು ತಡೆದರೆ ಆ ಕಷ್ಟ ಇನ್ನೊಬ್ಬರ ಮಗಳ ಹೆಗಲಿಗೆ ಬೀಳುತ್ತದೆ, ಅಷ್ಟೇ.

ಕೊನೆಗೆ ಒಂದು ಮಾತು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲನ್ನು ಅವಸರದಲ್ಲಿ ದಾಟಿಬಿಟ್ಟಿದ್ದೀರಿ. ಅಜ್ಜಿಯ ಜೊತೆ 11 ದಿನ. ಎಷ್ಟೋ ಮಂದಿ ಎರಡನೇ ದಿನಕ್ಕೇ ಆ ವಾಸನೆ, ಆ ನರಳಾಟ ತಡೆಯಲಾರದೆ ಹೊರಗೆ ಬರುತ್ತಾರೆ. ಇವಳು ಅದನ್ನೆಲ್ಲ ನೋಡಿ, ಇದೇ ಬೇಕು ಎನ್ನುತ್ತಿದ್ದಾಳೆ. ಅಲ್ಲಿ ಏನು ನೋಡಿದೆ ಅಂತ ಅವಳನ್ನು ಕೇಳಿದ್ದೀರಾ? ಇವತ್ತು ರಾತ್ರಿ ಊಟವಾದ ಮೇಲೆ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಅವಳಿಗೆ ಇಷ್ಟವಿದ್ದರೆ ಅದನ್ನೇ ಬರೆದು ನನಗೆ ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.