ಮೀಟರ್ ಬಿಡಿ, ಪೆಡಲ್ ನೋಡಿ: ಹಳೆ ಕಾರು ಕೊಳ್ಳುವವರ ಪ್ರಶ್ನೋತ್ತರ

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮನೆಯಿಂದ ಶಾಲೆಗೆ 18 ಕಿ.ಮೀ. ವಾರಕ್ಕೆ ಆರು ದಿನ ಓಡಾಟ. ಮೂರೂವರೆ ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ. ಡೀಸೆಲ್ ಆದರೆ ಉಳಿತಾಯ ಅಂತಾನೆ ತಮ್ಮ. ಯಾವ ಕಾರು ನೋಡಲಿ? (ತಿಪಟೂರು)

ಉತ್ತರ: ಪೆಟ್ರೋಲ್ ತಗೊಳ್ಳಿ. ದಿನಕ್ಕೆ 36 ಕಿ.ಮೀ.ನಂತೆ 24 ದಿನಕ್ಕೆ 864 ಕಿ.ಮೀ. ಆಗುತ್ತದೆ. ಪೆಟ್ರೋಲ್ ಕಾರು ಲೀಟರ್‌ಗೆ 17 ಕಿ.ಮೀ. ಕೊಟ್ಟರೆ 51 ಲೀಟರ್ ಬೇಕು, ಡೀಸೆಲ್ ಕಾರು 21 ಕೊಟ್ಟರೆ 41 ಲೀಟರ್. ಪೆಟ್ರೋಲ್‌ಗೆ 103, ಡೀಸೆಲ್‌ಗೆ 91 ರೂಪಾಯಿ ಹಿಡಿದರೆ ತಿಂಗಳಿಗೆ ಉಳಿಯುವುದು 1,500 ರೂಪಾಯಿ, ವರ್ಷಕ್ಕೆ 18 ಸಾವಿರ. ನಿಮ್ಮ ಬಜೆಟ್‌ಗೆ ಸಿಗುವ ಡೀಸೆಲ್ ಕಾರು ಹತ್ತು ವರ್ಷದ ಆಸುಪಾಸಿನದು, ಲಕ್ಷ ಕಿ.ಮೀ. ದಾಟಿರುತ್ತದೆ. ಅದರ ಇಂಜೆಕ್ಟರ್, ಟರ್ಬೊ, ಇಜಿಆರ್ ವಾಲ್ವ್‌ಗಳಲ್ಲಿ ಯಾವುದಾದರೂ ಒಂದು ಕೈಕೊಟ್ಟರೂ ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಯಿತು. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸುವವರ ಲೆಕ್ಕ ಬೇರೆ, ನಿಮ್ಮದು ಅದಲ್ಲ.

ಮಾರುತಿಯ ಕೆ10 ಎಂಜಿನ್ ಇರುವ ವ್ಯಾಗನ್ ಆರ್, 1.2 ಲೀಟರ್ ಕೆ12 ಎಂಜಿನ್ನಿನ ಸ್ವಿಫ್ಟ್ ಮತ್ತು ರಿಟ್ಜ್, ಹ್ಯುಂಡೈ ಕಪ್ಪಾ ಎಂಜಿನ್ನಿನ ಗ್ರಾಂಡ್ ಐ10, ಟೊಯೊಟಾ ಇಟಿಯೋಸ್ ಲಿವಾ ಪೆಟ್ರೋಲ್, ಹೋಂಡಾ ಬ್ರಿಯೊ ನೋಡಿ. ಪಿಸ್ಟನ್, ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸಲು ಇವೆಲ್ಲಕ್ಕೂ ಬೆಲ್ಟ್ ಬದಲು ಟೈಮಿಂಗ್ ಚೈನ್ ಇದೆ. ಬೆಲ್ಟ್ ಇರುವ ಕಾರುಗಳಲ್ಲಿ (ಡಸ್ಟರ್ ಡೀಸೆಲ್ ಒಂದು ಉದಾಹರಣೆ) ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಕೊಂಡ ಕೂಡಲೇ ಬದಲಿಸಲೇಬೇಕು. ಓಡುವಾಗ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ನಿನ ಮೇಲ್ಭಾಗವನ್ನೇ (ಹೆಡ್) ಬಿಚ್ಚಬೇಕಾಗುತ್ತದೆ. ಲಿವಾ, ಬ್ರಿಯೊ ಎರಡೂ ಈಗ ತಯಾರಾಗುತ್ತಿಲ್ಲ. ಎಂಜಿನ್ ಭಾಗಗಳಿಗೆ ತೊಂದರೆಯಿಲ್ಲ, ಆದರೆ ಬಂಪರ್, ಹೆಡ್‌ಲೈಟ್‌ಗೆ ಕಾಯಬೇಕಾದೀತು. ತಿಪಟೂರಿನಂಥ ಊರಲ್ಲಿ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ ಕಾರೆಂದರೆ ವ್ಯಾಗನ್ ಆರ್, ಸ್ವಿಫ್ಟ್.

2019ಕ್ಕಿಂತ ಮೊದಲಿನ ಎಷ್ಟೋ ಎಲ್‌ಎಕ್ಸ್‌ಐ (ಮಾರುತಿಯ ಕೆಳ ದರ್ಜೆಯ ಮಾದರಿ) ಕಾರುಗಳಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ (ಜೋರು ಬ್ರೇಕಿಗೆ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ದಿನಾ ಹೆದ್ದಾರಿ ಹಿಡಿಯುವುದಾದರೆ ಒಂದು ವರ್ಷ ಹಳೆಯದಾದರೂ ಸರಿ, ಇವೆರಡೂ ಇರುವ ಕಾರನ್ನೇ ಆರಿಸಿ. ಅಲಾಯ್ ವ್ಹೀಲು, ಟಚ್ ಸ್ಕ್ರೀನ್ ಆಮೇಲೆ ಹಾಕಿಸಬಹುದು, ಇವನ್ನು ಹಾಕಿಸಲಾಗದು.

ಕಾರಿನ ಬೆಲೆ ಮೂರು ಲಕ್ಷ ದಾಟದಿರಲಿ. ಉಳಿದ ಐವತ್ತು ಸಾವಿರದಲ್ಲಿ ಇನ್ಶೂರೆನ್ಸ್, ಆರ್‌ಸಿ ಖರ್ಚು ಕಳೆದು ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್‌ಗೆ ಹಣ ಕೈಯಲ್ಲಿರಬೇಕು. ಹಿಂದಿನವರು ಏನೇ ಹೇಳಲಿ, ಎಂಜಿನ್ ಆಯಿಲ್ (ಇಂಥ ಎಂಜಿನ್‌ಗೆ 3 ಲೀಟರ್‌ನಷ್ಟು), ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್, ಗೇರ್ ಆಯಿಲ್ ಎಲ್ಲವನ್ನೂ ಮೊದಲ ವಾರವೇ ಬದಲಿಸಿ. ಅಲ್ಲಿಂದ ನಿಮ್ಮ ಲೆಕ್ಕ ಶುರು.

ಪ್ರಶ್ನೆ: 2016ರ ಸ್ವಿಫ್ಟ್ ಪೆಟ್ರೋಲ್ ನೋಡೀನಿ. ಮೀಟರ್‌ನ್ಯಾಗ 42 ಸಾವಿರ ಅದ. ಆಕ್ಸಿಡೆಂಟ್ ಆಗಿಲ್ಲ, ಒಬ್ರ ಓನರ್ ಅಂತಾರ. ನಂಬೂದು ಹ್ಯಾಂಗ? (ಹುಬ್ಬಳ್ಳಿ)

ಉತ್ತರ: ಮೀಟರ್ ಹಿಂದೆ ತಿರುಗಿಸುವುದು ಲ್ಯಾಪ್‌ಟಾಪ್ ಇರುವವನಿಗೆ ಅರ್ಧ ಗಂಟೆಯ ಕೆಲಸ. ಅದು ತೋರಿಸುವ ಸಂಖ್ಯೆಗೆ ಬೇರೆ ಕಡೆಯಿಂದ ಸಾಕ್ಷಿ ಸಿಗಬೇಕು.

ಮೊದಲ ಸಾಕ್ಷಿ ಟೈರ್. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1219 ಎಂದಿದ್ದರೆ 2019ರ 12ನೇ ವಾರ ತಯಾರಾದದ್ದು. 2016ರ ಕಾರಿಗೆ ನಾಲ್ಕೂ ಟೈರ್ 2019ರವು ಎಂದುಕೊಳ್ಳಿ. ಕಂಪನಿಯಿಂದ ಬಂದ ಟೈರ್ ಸಾಮಾನ್ಯವಾಗಿ 40 ಸಾವಿರ ಕಿ.ಮೀ. ಬರುತ್ತದೆ. ಅದು ಮೂರೇ ವರ್ಷದಲ್ಲಿ ಸವೆದಿದೆ ಎಂದರೆ 2019ಕ್ಕೇ ಕಾರು 40 ಸಾವಿರದ ಹತ್ತಿರ ಓಡಿತ್ತು. ಹಾಗಿದ್ದರೆ ಆಮೇಲಿನ ವರ್ಷಗಳಲ್ಲಿ ಬರೀ ಎರಡು ಸಾವಿರ ಓಡಿತೇ? ಈ ಪ್ರಶ್ನೆ ಕೇಳಿದಾಗ ಮಾರುವವರ ಮುಖ ನೋಡಿ. ಕ್ಲಚ್, ಬ್ರೇಕ್ ಪೆಡಲ್ಲಿನ ರಬ್ಬರ್ ಅಂಚು ಸವೆದು ನುಣುಪಾಗಿದೆಯೇ, ಇಲ್ಲಾ 2016ರ ಕಾರಿಗೆ ಹೊಚ್ಚ ಹೊಸ ರಬ್ಬರ್ ಹಾಕಿದ್ದಾರೆಯೇ? ಎರಡೂ ಅನುಮಾನಕ್ಕೆ ಕಾರಣವೇ. ಡ್ರೈವರ್ ಸೀಟಿನ ಬಲ ಅಂಚು, ಸ್ಟೇರಿಂಗ್‌ನಲ್ಲಿ ಕೈ ಹಿಡಿಯುವ ಜಾಗ, ಬ್ರೇಕ್ ಡಿಸ್ಕ್ ಅಂಚಿನಲ್ಲಿ ಎದ್ದ ಗೆರೆ ಕೂಡ ಮಾತಾಡುತ್ತವೆ. ಶೋರೂಮ್ ಸರ್ವಿಸ್ ಆಗಿದ್ದರೆ ಓನರ್ ಕಡೆಯಿಂದಲೇ ಸರ್ವಿಸ್ ಹಿಸ್ಟರಿ ತೆಗೆಸಿ, ಪ್ರತಿ ಸಲದ ಕಿ.ಮೀ. ಅದರಲ್ಲಿರುತ್ತದೆ.

ಆಕ್ಸಿಡೆಂಟ್ ವಿಷಯಕ್ಕೆ ಇನ್ಶೂರೆನ್ಸ್ ಪಾಲಿಸಿ ಕೈಗೆ ತಗೊಂಡು ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಅದು 20, 25, 35, 45, 50 ಶೇಕಡಾ ಎಂದು ವರ್ಷದಿಂದ ವರ್ಷಕ್ಕೆ ಏರುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಒಬ್ಬರೇ ಓನರ್, ಎಂದೂ ಪಾಲಿಸಿ ತಪ್ಪಿಲ್ಲ, ಆದರೂ ಬೋನಸ್ 20 ಎಂದರೆ ಹೋದ ವರ್ಷದ ಹಿಂದಿನ ವರ್ಷ ಏನೋ ಆಗಿದೆ.

ಇನ್ನು ಬಾಡಿ. ಬಾಗಿಲು ತೆರೆದು ಪಿಲ್ಲರ್‌ಗೆ (ಬಾಗಿಲ ಚೌಕಟ್ಟಿನ ಕಂಬ) ಸಿಕ್ಕಿಸಿರುವ ರಬ್ಬರ್ ಬೀಡಿಂಗ್ ಒಂದು ಗೇಣು ಎಳೆಯಿರಿ. ಒಳಗೆ ತಗಡಿನ ಅಂಚಿನಲ್ಲಿ ಒಂದೇ ಅಳತೆಯ, ಸಮ ದೂರದ ದುಂಡು ಗುಳಿಗಳು ಸಾಲಾಗಿ ಕಾಣಬೇಕು. ಅವು ಫ್ಯಾಕ್ಟರಿಯ ಸ್ಪಾಟ್ ವೆಲ್ಡ್. ಗುಳಿಗಳ ಬದಲು ಉಜ್ಜಿ ನಯಮಾಡಿದ ಗ್ಯಾಸ್ ವೆಲ್ಡಿಂಗ್ ಗುರುತೋ ಸುತ್ತಿಗೆಯ ಏಟೋ ಕಂಡರೆ ಆ ಪಿಲ್ಲರ್ ಕತ್ತರಿಸಿ ಕೂಡಿಸಿದ್ದು. ನಾಲ್ಕೂ ಬಾಗಿಲಿಗೆ ಹೀಗೆ ಮಾಡಿ, ಎರಡೇ ನಿಮಿಷ ಸಾಕು. ಬಾನೆಟ್ ಎತ್ತಿ ಎಡ ಬಲ ಏಪ್ರನ್ (ಎಂಜಿನ್ನಿನ ಪಕ್ಕ, ಮುಂದಿನ ಚಕ್ರದ ಮೇಲಿನ ಒಳ ತಗಡು) ಹೋಲಿಸಿ. ಬಾನೆಟ್ ಹಿಂಜ್ ಬೋಲ್ಟ್‌ಗಳ ಮೂಲೆಯ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ಅದರ ಗುಂಡಿಯ ತಗಡಿನಲ್ಲಿ ಮಡಿಕೆ ಇದೆಯೇ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಕಾರನ್ನು ಹೊರಗೆ ಎಷ್ಟೇ ಚೆಂದ ಮಾಡಿದರೂ ಇಲ್ಲಿ ಯಾರೂ ತಿದ್ದಲು ಹೋಗುವುದಿಲ್ಲ. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಸಿಕ್ಕರೆ ಫ್ಯಾಕ್ಟರಿ ಬಣ್ಣ 90ರಿಂದ 140 ಮೈಕ್ರಾನ್ ತೋರಿಸುತ್ತದೆ, ಮತ್ತೆ ಬಳಿದದ್ದು 200 ದಾಟುತ್ತದೆ, ಪುಟ್ಟಿ ಮೆತ್ತಿದ ಜಾಗ 500ಕ್ಕೂ ಮೇಲೆ. ಒಂದು ಬಾಗಿಲು, ಒಂದು ಬಂಪರ್ ಪೇಂಟ್ ಆಗಿದ್ದರೆ ಅದು ದೋಷವಲ್ಲ, ನಮ್ಮ ರಸ್ತೆಗಳಲ್ಲಿ ಗೀರು ಬೀಳದ ಕಾರೇ ಇಲ್ಲ. ಪಿಲ್ಲರ್, ಏಪ್ರನ್, ಚಾಸಿಸ್ ರೈಲ್‌ಗೆ ಏಟಾಗಿದ್ದರೆ ಮಾತ್ರ ರೇಟು ಕೇಳದೆ ಹೊರಡಿ.

ಕಾರು ನೋಡಲು ಬೆಳಿಗ್ಗೆಯೇ ಹೋಗಿ, ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ನೋಡಿ, ಮೇಲೆ ಎಣ್ಣೆಯ ಪದರ ಇರಬಾರದು. ಬಿಸಿಯಾದ ಮೇಲೆ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಆಯಿಲ್ ಕ್ಯಾಪ್ ಒಳಗೆ ಬೆಣ್ಣೆಯಂಥ ಬಿಳಿ ನೊರೆ ದಪ್ಪಗೆ ಕಟ್ಟಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬೆಳಗಿನ ಚಳಿಗೆ ಬರುವ ತೆಳು ಬಿಳಿ ಹಬೆಗೆ ಹೆದರಬೇಡಿ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಹೆದರಿ. ಎಸಿ ಹಾಕಿ ಕಾಲು ಗಂಟೆ ನಿಂತಲ್ಲೇ ಓಡಲಿ, ಟೆಂಪರೇಚರ್ ಅರ್ಧದ ಮೇಲೆ ಏರಬಾರದು.

ಒಂದು ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಜೊತೆಗಿರಲಿ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿದರೆ ಮೊಬೈಲ್‌ನಲ್ಲಿ ಎರರ್ ಕೋಡ್ ಕಾಣುತ್ತದೆ. ಕೋಡ್ ಒಂದೂ ಇಲ್ಲ ಎಂದು ಅಲ್ಲಿಗೇ ಖುಷಿಪಡಬೇಡಿ, ಕಾರು ತನ್ನ ಪರೀಕ್ಷೆಗಳನ್ನು ತಾನೇ ಮುಗಿಸಿದೆಯೇ ಎಂದು ತೋರಿಸುವ 'ರೆಡಿನೆಸ್ ಮಾನಿಟರ್' ಪುಟವನ್ನೂ ತೆರೆಯಿರಿ. ಹೆಚ್ಚಿನವು 'ಇನ್‌ಕಂಪ್ಲೀಟ್' ಎಂದಿದ್ದರೆ ಬ್ಯಾಟರಿ ವೈರ್ ಬಿಚ್ಚಿಯೋ ಸ್ಕ್ಯಾನರ್ ಹಾಕಿಯೋ ಕೋಡ್‌ಗಳನ್ನು ಈಚೆಗೆ ಅಳಿಸಿದ್ದಾರೆ.

ಆಮೇಲೆ ಹದಿನೈದು ಕಿ.ಮೀ. ಓಡಿಸಿ. ಮೂರನೇ ಗೇರಿನಲ್ಲಿ 30ರ ವೇಗಕ್ಕೆ ತಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗು ಏರಿ ಕಾರು ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋದಾಗ ಕಟಕಟ ಎಂದರೆ ಆಕ್ಸಲ್ ಜಾಯಿಂಟ್, ಹಾಳು ರಸ್ತೆಯಲ್ಲಿ ಲಟಲಟ ಎಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್. ಇವೆಲ್ಲ ರಿಪೇರಿಯಾಗುವಂಥವು. ಚೌಕಾಸಿಗೆ ಬಳಸಿಕೊಳ್ಳಿ.

ಪ್ರಶ್ನೆ: ದೆಹಲಿ ನಂಬರಿನ ಡೀಸೆಲ್ ಎಸ್‌ಯುವಿ ಇಲ್ಲಿಯ ರೇಟಿಗಿಂತ ಎರಡು ಲಕ್ಷ ಕಡಿಮೆಗೆ ಸಿಗುತ್ತಿದೆ. ತರಬಹುದೇ? (ಬೆಂಗಳೂರು)

ಉತ್ತರ: ಅಗ್ಗಕ್ಕೆ ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳಿಂದ ಅಲ್ಲಿ ಅವುಗಳ ಬೆಲೆ ಬಿತ್ತು. ಆದರೆ ಇಲ್ಲಿ ಕೆಎ ನಂಬರ್ ಮಾಡಿಸುವಾಗ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹೊಸ ಕಾರಿಗೆ ಅದು 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲೆ 18, ಜೊತೆಗೆ ಸೆಸ್. ಹಳೆ ಕಾರಿಗೆ ವಯಸ್ಸಿನ ಪ್ರಕಾರ ಇದರಲ್ಲಿ ಒಂದು ಪಾಲು ಕಡಿತವಾಗುತ್ತದೆ ನಿಜ, ಆದರೆ ಲೆಕ್ಕ ಹಿಡಿಯುವುದು ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ, ನೀವು ಕೊಟ್ಟ ಹಣದ ಮೇಲಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಟ್ಯಾಕ್ಸ್, ದೆಹಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ, ಫಾರಂ 28), ಸಾಗಣೆ, ಏಜೆಂಟ್ ಖರ್ಚು ಎಲ್ಲ ಕೂಡಿಸಿ, ನಿಮ್ಮ ಆರ್‌ಟಿಒದಲ್ಲಿ ಟ್ಯಾಕ್ಸ್ ಅಂದಾಜು ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ. ಎನ್‌ಒಸಿ ಕೈಗೆ ಬರದೆ ಪೂರ್ತಿ ಹಣ ಕೊಡುವುದಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮದು ಕಡಲ ಕರೆ. ತುಕ್ಕು ಹಿಡಿದದ್ದು, ನೆರೆಯಲ್ಲಿ ಮುಳುಗಿದ್ದು ಗುರುತಿಸುವುದು ಹೇಗೆ? (ಕುಂದಾಪುರ)

ಉತ್ತರ: ರ‍್ಯಾಂಪ್ ಮೇಲೆ ಹತ್ತಿಸಿ ಅಡಿಭಾಗ ನೋಡದೆ ಕರಾವಳಿಯ ಕಾರು ಕೊಳ್ಳಬೇಡಿ. ಬಾಗಿಲಿನ ತಳ ಅಂಚು, ಚಕ್ರದ ಕಮಾನಿನ ಒಳಭಾಗ, ಸೈಲೆನ್ಸರ್ ಜೋಡಣೆ, ಜಾಕ್ ಕೊಡುವ ಜಾಗಗಳಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೆ ತಿಂದು ಹೋದದ್ದು ಮಂದವಾಗಿ ಕೇಳುತ್ತದೆ. ಹೊಸದಾಗಿ ಕಪ್ಪು ಅಂಡರ್ ಕೋಟಿಂಗ್ ಬಳಿದಿದ್ದರೆ ಅದರಡಿ ಏನಿದೆ ಎಂದು ಕೆರೆದು ನೋಡಲು ಅನುಮತಿ ಕೇಳಿ.

ಮುಳುಗಿದ ಕಾರು ನಿಮ್ಮ ಊರಿನದೇ ಆಗಬೇಕಿಲ್ಲ. 2018ರ ಕೊಡಗು, ಕೇರಳದ ನೆರೆ, 2022ರ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಮಳೆ, ಎಲ್ಲಿ ನೆನೆದ ಕಾರೂ ಎಲ್ಲಿ ಬೇಕಾದರೂ ಮಾರಾಟಕ್ಕೆ ಬರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ರೀಲಿನ ಒಳಗೇ ಇರುವ ಕೊನೆಯ ಒಂದು ಗೇಣು ಪಟ್ಟಿಯನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟ್ ರೈಲಿನ ಬೋಲ್ಟ್, ಡ್ಯಾಶ್‌ಬೋರ್ಡ್ ಅಡಿಯ ಕಬ್ಬಿಣದ ಪಟ್ಟಿಗಳಿಗೆ ತುಕ್ಕು, ಫ್ಯೂಸ್ ಬಾಕ್ಸಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಕೈಬಿಡಿ. ವೈರಿಂಗ್‌ಗೆ ನೀರು ಹೊಕ್ಕ ಕಾರು ಆರು ತಿಂಗಳ ಮೇಲೆ ಒಂದೊಂದಾಗಿ ಕಾಟ ಕೊಡುತ್ತದೆ, ಮೆಕ್ಯಾನಿಕ್‌ಗೂ ಮೂಲ ಸಿಗುವುದಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ಸಿಎನ್‌ಜಿ ಹಾಕಿಸಿದ ಹಳೆ ವ್ಯಾಗನ್ ಆರ್ ನೋಡಿದ್ದೇವೆ. ಏನು ಕೇಳಬೇಕು? (ಬೆಳಗಾವಿ)

ಉತ್ತರ: ಆರ್‌ಸಿಯಲ್ಲಿ ಇಂಧನ 'ಪೆಟ್ರೋಲ್/ಸಿಎನ್‌ಜಿ' ಎಂದು ನಮೂದಾಗಿರಬೇಕು, ಇನ್ಶೂರೆನ್ಸ್ ಪಾಲಿಸಿಯಲ್ಲೂ ಕಿಟ್ ಸೇರಿರಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ, ಸರ್ಟಿಫಿಕೇಟ್ ಕೇಳಿ. ಇವಿಲ್ಲದಿದ್ದರೆ ಬೇಡ.

ಪ್ರಶ್ನೆ: ಕಾರನ್ನು ಬ್ರೋಕರ್‌ಗೆ ಮಾರಿ ನಾಲ್ಕು ತಿಂಗಳಾಯಿತು, ಆರ್‌ಸಿ ಇನ್ನೂ ನನ್ನ ಹೆಸರಲ್ಲೇ ಇದೆ. ಟ್ರಾಫಿಕ್ ದಂಡದ ಮೆಸೇಜ್ ನನಗೆ ಬರುತ್ತಿದೆ. (ಮೈಸೂರು)

ಉತ್ತರ: ದಂಡ ಸಣ್ಣ ವಿಷಯ. ಆ ಕಾರಿನಿಂದ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಕಾರು ಎಷ್ಟು ಕೈ ಬದಲಾಗಿದ್ದರೂ ಸರಿ. ಇವತ್ತೇ ಪರಿವಾಹನ್ ವೆಬ್‌ಸೈಟಿನಲ್ಲಿ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ. ಮುಗಿದಿದ್ದರೆ ಬ್ರೋಕರ್‌ನನ್ನು ಹಿಡಿದು ಕನಿಷ್ಠ ಥರ್ಡ್ ಪಾರ್ಟಿ ಪಾಲಿಸಿಯನ್ನಾದರೂ ಮಾಡಿಸಿ. ಮಾರಿದ ದಿನ, ಸಮಯ, ಕೊಂಡವರ ಸಹಿಯಿರುವ ಡೆಲಿವರಿ ನೋಟ್, ಆಧಾರ್ ಪ್ರತಿ ಸೇರಿಸಿ ನಿಮ್ಮ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಂಡವರು ಸಿಕ್ಕರೆ ಫಾರಂ 29 ಎರಡು ಪ್ರತಿ, ಫಾರಂ 30 ಸಹಿ ಮಾಡಿಸಿ ವರ್ಗಾವಣೆ ಮುಗಿಸಿ. ಸಾಲ ತೀರಿಸಿಯೂ ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್ ಆಗಿಲ್ಲದಿದ್ದರೆ ಬ್ಯಾಂಕ್ ಎನ್‌ಒಸಿ ಜೊತೆ ಫಾರಂ 35 ಬೇಕು. ಫಾಸ್ಟ್ಯಾಗ್ ಇನ್ನೂ ನಿಮ್ಮ ಖಾತೆಯಲ್ಲಿದ್ದರೆ ಮುಚ್ಚಿಸಿ, ಇಲ್ಲವಾದರೆ ಟೋಲ್ ಹಣವೂ ನಿಮ್ಮದೇ.

ಮುಂದೆ ಡೀಲರ್‌ಗೆ ಮಾರುವವರು ಅವರ ಬಳಿ ಆರ್‌ಟಿಒ ಅಧಿಕೃತ ಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅಂಥವರಿಗೆ ಕಾರು ಒಪ್ಪಿಸುವಾಗ ಫಾರಂ 29ಸಿ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ, ಮತ್ತೆ ಮಾರಾಟವಾಗುವ ತನಕ ಕಾರಿನ ಹೊಣೆ ಡೀಲರ್‌ನದು. ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು 'ಪಾರ್ಟಿ ಸಿಕ್ಕಾಗ ಮಾಡಿಸ್ತೀವಿ ಸಾರ್' ಎನ್ನುವವರಿಗೆ ಕೀ ಕೊಡಬೇಡಿ. ನಿಮ್ಮ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಹೋಗುವುದಿಲ್ಲ, ನಿಮ್ಮದಾಗಿಯೇ ಉಳಿಯುತ್ತದೆ. ವರ್ಗಾವಣೆಯಾದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ತೆಗೆದಿಟ್ಟುಕೊಂಡರೆ ಮುಂದಿನ ಕಾರಿನ ಪ್ರೀಮಿಯಂನಲ್ಲಿ ಕಡಿತ ಸಿಗುತ್ತದೆ.