ಬೈಪೋಲಾರ್ ಮಾತ್ರೆ ನಡೆಯುತ್ತಿರುವಾಗ ಗರ್ಭ ಧರಿಸಬಹುದೇ?

ಮಗು ಬೇಕು, ಆದರೆ ಗದಗಿನ ಮನೆಯಲ್ಲಿ ಹಿರಿಯರು ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಕಾಯಿಲೆ) ಮಾತ್ರೆ ನಿಲ್ಲಿಸು ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ. ಇದಕ್ಕೆ ಕೊಡುವ ಲಿಥಿಯಂ ಮಾತ್ರೆ ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಆದರೆ ಚೀಟಿಯಲ್ಲಿ ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧ ಇದ್ದರೆ ಈ ವಾರವೇ ಮನೋವೈದ್ಯರನ್ನು ಕಾಣಿ, ಔಷಧ ಬದಲಾಗುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ಅದು ಮಗುವಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡಬಲ್ಲದು. ಭ್ರೂಣದ ನರನಾಳ (ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗ) ಮುಚ್ಚುವುದು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ, ಎಷ್ಟೋ ಸಲ ಬಸುರೆಂದು ತಿಳಿಯುವ ಮೊದಲೇ! ಲಿಥಿಯಂನಿಂದ ಹೃದಯದೋಷದ ಅಪಾಯ ತುಸು ಹೆಚ್ಚಾದರೂ, ರಕ್ತಪರೀಕ್ಷೆ ಮಾಡಿಸುತ್ತಾ ಮುಂದುವರಿಸುವುದುಂಟು. ಲ್ಯಾಮೊಟ್ರಿಜಿನ್ ಎಂಬ ಮತ್ತೊಂದು ಔಷಧ ಹೋಲಿಕೆಯಲ್ಲಿ ಸುರಕ್ಷಿತ. ಫೋಲಿಕ್ ಆಮ್ಲ ಎಂಬ ವಿಟಮಿನ್‌ನ ಪ್ರಮಾಣವನ್ನೂ ವೈದ್ಯರಲ್ಲಿ ಕೇಳಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದರೆ ಹಳೆಯ ಚೀಟಿಗಳೆಲ್ಲ ಜೊತೆಗಿರಲಿ, ಗಂಡನೂ ಬರಲಿ. ಹಿರಿಯರಿಗೆ ಆಮೇಲೆ ಗಂಡನೇ ವಿವರಿಸಲಿ.