‘ತಿಥಿ ಮುಗಿಯೋವರೆಗೂ ಊರಿಗೆ ಕರೆಸಲಿಲ್ಲ’

ಮಂಡ್ಯದ ತಾಯಿಯೊಬ್ಬರ ನಾಲ್ಕು ಪುಟದ ಪತ್ರ ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಗನಿಗೆ 17. ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ಮಾರ್ಕ್ಸ್ ಇಳಿದಿದೆ. ಒಂದೇ ಇಂಗ್ಲಿಷ್ ಕಾದಂಬರಿಯನ್ನು ಮೂರು ಸಲ ಓದಿದ್ದಾನೆ. ‘ಇದರಲ್ಲಿರೋ ಹುಡುಗ ನಾನೇ ಅಮ್ಮ’ ಅನ್ನುತ್ತಾನೆ. ಮಾವ ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾರೆ. ಕಥೆಯ ಹುಡುಗ ಸಿಗರೇಟು ಸೇದುತ್ತಾನಂತೆ, ಕುಡಿಯುತ್ತಾನಂತೆ, ನಾಲ್ಕು ವಿಷಯದಲ್ಲಿ ಫೇಲಾಗಿ ಸ್ಕೂಲಿನಿಂದ ಹೊರಬಿದ್ದವನಂತೆ. ನನ್ನ ಮಗನೂ ಹಾಗೇ ಆಗಿಬಿಟ್ಟರೆ ಅಂತ ತಾಯಿಗೆ ಭಯ.

ಮೂರನೇ ಪುಟದ ಕೊನೆಯಲ್ಲಿ ನೀವೇ ಒಂದು ಸಾಲು ಬರೆದಿದ್ದೀರಿ ತಾಯಿ: ‘ಹೋದ ವರ್ಷ ಇವನ ಗೆಳೆಯ ನಾಲೆಯಲ್ಲಿ ಹೋಗಿಬಿಟ್ಟ. ಓದು ಕೆಡಬಾರದು ಅಂತ ತಿಥಿ ಮುಗಿಯೋವರೆಗೂ ಊರಿಗೆ ಕರೆಸಲಿಲ್ಲ.’ ಮುಂದಿನ ಸಾಲಿಗೇ ಟ್ಯೂಷನ್ ಫೀಸಿನ ಲೆಕ್ಕಕ್ಕೆ ಹೋಗಿದ್ದೀರಿ.

ಆ ಪುಸ್ತಕ ನಾನೂ ಓದಿದ್ದೇನೆ. ಸ್ಯಾಲಿಂಜರ್ ಬರೆದ ‘ದಿ ಕ್ಯಾಚರ್ ಇನ್ ದ ರೈ’, 1951ರದ್ದು. ಆ ಕಥೆಯ ಹುಡುಗ ಹೋಲ್ಡನ್‌ಗೆ ಆಲಿ ಅಂತ ಒಬ್ಬ ತಮ್ಮ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದು ತೀರಿಕೊಳ್ಳುತ್ತಾನೆ. ಹೋಲ್ಡನ್‌ಗೆ ಆಗ 13. ಅವತ್ತು ರಾತ್ರಿ ಗ್ಯಾರೇಜಿನ ಕಿಟಕಿ ಗಾಜನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆಯುತ್ತಾನೆ. ಕೈಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದರಿಂದ ತಮ್ಮನ ಮಣ್ಣಿಗೂ ಹೋಗಲಾಗುವುದಿಲ್ಲ. ಉಳಿದದ್ದು ತಮ್ಮನ ಬೇಸ್‌ಬಾಲ್ ಗ್ಲೌಸ್. ಫೀಲ್ಡಿಂಗ್‌ಗೆ ಸುಮ್ನೆ ನಿಂತಾಗ ಓದೋಕಿರಲಿ ಅಂತ ಆಲಿ ಅದರ ತುಂಬ ಹಸಿರು ಇಂಕಿನಲ್ಲಿ ಪದ್ಯ ಬರೆದುಕೊಂಡಿದ್ದ.

ಮಣ್ಣಿಗೆ ಹೋಗಲಾಗದ ಹುಡುಗ. ಈಗ ಹೇಳಿ, ನಿಮ್ಮ ಮಗ ಅಲ್ಲಿ ಸಿಗರೇಟು ನೋಡಿದ್ದಾನಾ?

ಹೋಲ್ಡನ್ ಎದುರು ಸಿಕ್ಕವರಿಗೆಲ್ಲ ಸುಳ್ಳು ಹೇಳುತ್ತಾನೆ. ರೈಲಿನಲ್ಲಿ ಜೊತೆಯ ಹುಡುಗನ ತಾಯಿ ಸಿಕ್ಕರೆ ತನ್ನ ಹೆಸರನ್ನೂ ಸುಳ್ಳೇ ಹೇಳುತ್ತಾನೆ. ಓದುವವರ ಹತ್ತಿರ ಮಾತ್ರ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುತ್ತಾನೆ. ಮನೆಯಲ್ಲಿ ಬಾಯಿ ಬಿಡಲಾಗದ ಮಕ್ಕಳಿಗೆ ಇಂಥವನು ಬೇಗ ದೋಸ್ತಿಯಾಗುತ್ತಾನೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಅಂತ ಟ್ಯಾಕ್ಸಿಯವರನ್ನು ಕೇಳುತ್ತಾನೆ. ತಮ್ಮ ಎಲ್ಲಿಗೆ ಹೋದ ಅಂತ ಯಾರನ್ನು ಕೇಳೋದು, ಅಲ್ವಾ? (ನಮ್ಮ ಕುಕ್ಕರಹಳ್ಳಿ ಕೆರೆ ಹೆಪ್ಪುಗಟ್ಟುವುದಿಲ್ಲ. ಆದರೆ ಬೆಳಿಗ್ಗೆ ವಾಕಿಂಗ್ ಹೋದರೆ ಕಾಲೇಜು ಬ್ಯಾಗ್ ಹಾಕಿಕೊಂಡು ನೀರು ನೋಡುತ್ತ ಕೂತ ಹುಡುಗ ಒಬ್ಬನಾದರೂ ಸಿಗುತ್ತಾನೆ.)

ನನ್ನ ಸಿಟ್ಟೆಲ್ಲ ನಿಮ್ಮ ತಮ್ಮನ ಮೇಲೆ. ‘ಗಂಡು ಹುಡುಗ ಅಳಬಾರದು’ ಅಂದವರೂ ಅವರೇ, ಬೀಗ ಹಾಕಿದವರೂ ಅವರೇ. ಮಕ್ಕಳ ಪುಸ್ತಕ ಕಿತ್ತುಕೊಳ್ಳಬೇಡಿ, ಸಾವಿನ ಮನೆಯಿಂದ ಮಕ್ಕಳನ್ನು ದೂರ ಇಡಬೇಡಿ ಅಂತ ಈ ಅಂಕಣದಲ್ಲಿ ಬರೆದೂ ಬರೆದೂ ಕೈ ಸೋತಿದೆ. ನೀವೂ ತಲೆಯಾಡಿಸಿದ್ದೀರಿ, ಗೊತ್ತು. ಪತ್ರ ಬರೆದಿರಲ್ಲ, ಅದಕ್ಕೆ ಬಿಟ್ಟಿದ್ದೇನೆ.

ಮಾಡಬೇಕಾದ್ದು ಒಂದೇ. ಈ ಭಾನುವಾರ ಮಗನನ್ನು ಕರೆಸಿಕೊಂಡು ಆ ಗೆಳೆಯನ ಮನೆಗೆ ಹೋಗಿ. ಟ್ಯೂಷನ್ ಇದ್ದರೆ ತಪ್ಪಲಿ. ಆ ತಾಯಿ ಕಾಫಿ ಕೊಟ್ಟರೆ ಕುಡಿಯಿರಿ. ಆಮೇಲೆ ಅವರಿಬ್ಬರನ್ನೇ ಬಿಟ್ಟು ನೀವು ಜಗುಲಿ ಮೇಲೆ ಕೂತಿರಿ. ಒಳಗೆ ಅಳು ಕೇಳಿಸಿದರೂ ಏಳಬೇಡಿ. ಮಗ ಸಾಯುವ ಮಾತೇನಾದರೂ ಆಡಿದ್ದರೆ ಭಾನುವಾರದವರೆಗೆ ಕಾಯಬೇಡಿ, ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಬೀರು ಬೀಗದ ಕೈ ಶನಿವಾರವೇ ಇಸ್ಕೊಳ್ಳಿ. ಮೈಸೂರಿನಿಂದ ಬರುವಾಗ ಪುಸ್ತಕ ಅವನ ಕೈಯಲ್ಲಿರಲಿ.